ಎಂಟನೆಯ ಫೋಟೋ

ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳು ತಿಳಿದದ್ದು ನನ್ನ ಮಗಳು ಕೆಲಸ ಹುಡುಕಿಕೊಡುವ ಒಂದು ಇಂಟರ್ನೆಟ್ ತಾಣದಲ್ಲಿ ನನ್ನ ಪ್ರೊಫೈಲ್ ಮಾಡಿದ ದಿನ. ಅದರ ಪ್ರಕಾರ ನಾನು ‘ಕೈಬರಹದ ಅಕ್ಷರ ವಿನ್ಯಾಸಕಾರ’. ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದ ನನ್ನನ್ನು ಊರವರು ಅಲ್ಲಿಯವರೆಗೆ ‘ಪೇಂಟರ್’ ಎಂದಷ್ಟೇ ಕರೆದಿದ್ದರು. ನನಗೆ ಇಂಗ್ಲಿಷ್ ಸರಾಗವಾಗಿ ಬರುತ್ತದಂತೆ. ಯಾರು ಏನೇ ಕೇಳಿದರೂ ಒಂದು ತಾಸಿನೊಳಗೆ ಉತ್ತರ ಕೊಡುತ್ತೇನಂತೆ. ಫೋಟೋದಲ್ಲಿ ಕೋಟು ಹಾಕಿಕೊಂಡಿದ್ದೇನೆ. ಕೋಟು ನನ್ನ ಹೆಂಡತಿಯ ತಮ್ಮನದು. ತಲೆಗೂದಲು ನನ್ನದೇ, ಆದರೆ ಈಗಿನದಲ್ಲ.

"ಇಷ್ಟೆಲ್ಲಾ ಸುಳ್ಳ ಯಾಕ ಬೇಕವಾ?" ಎಂದೆ.

"ಸುಳ್ಳ ಅಲ್ಲಪ್ಪಾ. ಎಲ್ಲಾರೂ ಹಿಂಗ ಹಾಕ್ತಾರ. ನೀ ಒಬ್ಬಾಂವ ಖರೆ ಬರದ್ರ, ಇವಗ ಏನೂ ಬರಂಗಿಲ್ಲ ಅಂತ ತಿಳ್ಕೊಂತಾರ," ಎಂದಳು. ಅವಳು ವಿದ್ಯಾಗಿರಿಯ ಕಾಲೇಜಿನಲ್ಲಿ ಓದುತ್ತಾಳೆ. ಲೋಕದ ಬಗ್ಗೆ ನನಗಿಂತ ಹೆಚ್ಚು ಗೊತ್ತು ಎಂಬ ವಿಷಯದಲ್ಲಿ ಅವಳಿಗೆ ಸಂಶಯವಿಲ್ಲ, ನನಗೂ ಇಲ್ಲ.

ಇದೆಲ್ಲ ಬೇಕಾದದ್ದು ಫ್ಲೆಕ್ಸ್ ಬಂದದ್ದರಿಂದ. ಕಂಪ್ಯೂಟರಿನಲ್ಲಿ ಅಕ್ಷರ ಆರಿಸಿ ಗುಂಡಿ ಒತ್ತಿದರೆ ಹತ್ತು ಅಡಿಯ ಬೋರ್ಡು ಬಿಸಿಬಿಸಿಯಾಗಿ ಹೊರಗೆ ಬರುವಾಗ, ನಾಲ್ಕು ದಿನ ಏಣಿ ಹತ್ತಿ ಬರೆಯುವವನನ್ನು ಯಾರು ಕರೆಯುತ್ತಾರೆ? ಹೆಂಡತಿಯ ತಮ್ಮ ವಿದ್ಯಾಗಿರಿಯಲ್ಲಿ ಅಂಥದೇ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. "ಮಾಮಾ, ಬಂದು ನನ್ನ ಅಂಗಡ್ಯಾಗ ಕುಂದ್ರು. ಫ್ಯಾನ್ ಕೆಳಗ ಕೆಲಸ," ಎಂದು ಕರೆಯುತ್ತಲೇ ಇದ್ದ.

ಕೊನೆಗೆ ಹೆಂಡತಿ ಒಂದು ಗಡುವು ಹಾಕಿದಳು. "ದೀಪಾವಳಿ ತನಕ ನೋಡ್ರಿ. ಕೈಲೆ ಬರಿಯೋ ಕೆಲಸ ಒಂದ ಒಂದು ಬಂತಂದ್ರ ನಾ ಸುಮ್ನ ಇರ್ತೇನಿ. ಬರಲಿಲ್ಲ ಅಂದ್ರ ಬ್ರಶ್ ಮ್ಯಾಲಿಟ್ಟು ನನ್ನ ತಮ್ಮನ ಅಂಗಡಿಗೆ ಹೋಗ್ರಿ."

ಹೂಂ ಎಂದೆ. ಬಾಯಿ ಮಾತ್ರ ಹೂಂ ಎಂದಿತು. ಒಳಗೆ ನಿಜವಾಗಿಯೂ ಭಯವಾಗಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಕುಂಚ ಕೆಳಗಿಟ್ಟರೆ ನನ್ನ ಬಳಿ ತೋರಿಸಲು ಬೇರೇನೂ ಇಲ್ಲ. ಹಾಡಲು ಬಾರದು, ಹೊಲ ಉಳಲು ಬಾರದು, ಮಾತಾಡಿ ಮಾರಲು ಬಾರದು. ‘ಅ’ ಬರೆಯಲು ಬರುತ್ತದೆ, ಅಷ್ಟೇ.

ಆ ಕೆಲಸದ ತಾಣದಲ್ಲಿ ಕನಿಷ್ಠ ಎಂಟು ಫೋಟೋ ಕೇಳುತ್ತಾರೆ. ನನ್ನ ಬೋರ್ಡುಗಳಲ್ಲಿ ಮಾನದಿಂದ ಉಳಿದವು ಏಳೇ. ಬಾದಾಮಿಯ ಒಂದು ಖಾನಾವಳಿಯದು, ರಾಮಥಾಳದ ಹಿಟ್ಟಿನ ಗಿರಣಿಯದು, ಕುಳಗೇರಿ ಕ್ರಾಸಿನ ಕಿರಾಣಿ ಅಂಗಡಿಯದು, ಹೀಗೆ ಸುತ್ತಿ ಸುತ್ತಿ ಎಣಿಸಿದರೂ ಏಳರ ಮೇಲೆ ಹೋಗಲಿಲ್ಲ. ಉಳಿದವೆಲ್ಲ ಫ್ಲೆಕ್ಸಿನ ಹಿಂದೆ ಸೇರಿದ್ದವು, ಇಲ್ಲವೆ ಯಾರದೋ ಕೋಳಿಗೂಡಿನ ಮಾಳಿಗೆಯಾಗಿದ್ದವು.

ಎಂಟನೆಯದು ಹುನಗುಂದದ ಒಬ್ಬ ದರ್ಜಿಯ ಅಂಗಡಿಯ ಬೋರ್ಡು. ಅದನ್ನು ಬರೆದವನು ನಾನಲ್ಲ, ನನ್ನ ಗುರುಗಳು. ನನಗೆ ಕುಂಚ ಹಿಡಿಯಲು ಕಲಿಸಿದವರು, ಹಣೆಗೆ ವಿಭೂತಿ ಹಚ್ಚದೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆದವರಲ್ಲ. ನಮ್ಮ ಕೆಲಸದಲ್ಲಿ ಬೋರ್ಡಿನ ಬಲಮೂಲೆಯಲ್ಲಿ ಬರೆದವನು ಸಣ್ಣದಾಗಿ ತನ್ನ ಹೆಸರು ಹಾಕುವುದು ರೂಢಿ. ಫೋಟೋ ತೆಗೆಯಲು ಹೋದಾಗ ಅವರ ಹೆಸರಿದ್ದ ಆ ಮೂಲೆಯನ್ನು ಫೋಟೋದಿಂದ ಹೊರಗೆ ಬಿಟ್ಟೆ. ಮಗಳಿಗೆ ಹೇಳಲಿಲ್ಲ. ಒಂದು ಫೋಟೋ ತಾನೆ, ಯಾರು ನೋಡುತ್ತಾರೆ ಎಂದುಕೊಂಡೆ. ಹಾಗೆ ನೋಡಿದರೆ ಯಾರೂ ನೋಡಲಿಲ್ಲ. ಮೂರು ತಿಂಗಳು ಒಂದು ನೊಣವೂ ಆ ಪ್ರೊಫೈಲಿನ ಕಡೆ ಹಾಯಲಿಲ್ಲ.

ದಸರೆಗೆ ಮುಂಚೆ ಮಗಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಓಡಿಬಂದಳು. ಇಳಕಲ್ಲಿನ ನೇಕಾರ ಹೆಂಗಸರ ಒಂದು ಗುಂಪಿಗೆ ಕೈಯಲ್ಲಿ ಬರೆದ ಕನ್ನಡ ಅಕ್ಷರ ಬೇಕಿತ್ತು. ಸೀರೆಗೆ ಹಚ್ಚುವ ಚೀಟಿಗೂ ಅಂಗಡಿಯ ಬೋರ್ಡಿಗೂ ಒಂದೇ ಬರಹ. ಇಳಕಲ್ಲೆಂದರೆ ನಮ್ಮದೇ ಜಿಲ್ಲೆ. ದೇವರು ನನ್ನ ಮನೆಯ ವಿಳಾಸ ಹುಡುಕಿಕೊಂಡು ಬಂದನೆಂದೇ ಭಾವಿಸಿದೆ. ಅರ್ಜಿ ಹಾಕಿದೆವು. ಎರಡು ದಿನಕ್ಕೆ ಉತ್ತರ ಬಂತು. ಕೆಲಸವನ್ನು ಆಗಲೇ ಬೇರೆಯವರಿಗೆ ಕೊಡಲಾಗಿದೆ.

"ಯಾರಿಗೆ ಕೊಟ್ಟಾರ ನೋಡೂಣು," ಎಂದು ಮಗಳು ಆ ಮನುಷ್ಯನ ಪ್ರೊಫೈಲ್ ತೆರೆದಳು. ಎಲ್ಲೋ ದೂರದ ನಗರದವನು. ಹದಿನೈದು ವರ್ಷದ ಅನುಭವ. ಐದು ನಕ್ಷತ್ರ. ಅವನಿಗೂ ಕೋಟು ಇತ್ತು, ಆದರೆ ಅವನ ಅಳತೆಯದೇ. ಕೆಳಗೆ ಅವನ ಕೆಲಸಗಳ ಮೊದಲ ಫೋಟೋ ನೋಡಿ ನನ್ನ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. ಕುಳಗೇರಿ ಕ್ರಾಸಿನ ನನ್ನ ಕಿರಾಣಿ ಬೋರ್ಡು. ಬಲಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿ ತೆಗೆದಿದ್ದ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಮಗಳು ಓದಿ ಹೇಳಿದಳು. ಅಕ್ಷರಗಳ ಮೇಲೆ ಬಂಗಾರದ ಕಣಗಳನ್ನು ಕೂಡಿಸುವ ಅಪರೂಪದ ತಂತ್ರ, ಈತನ ಸ್ವಂತ ಶೋಧ.

ಆ ಬಂಗಾರದ ಕಥೆ ಹೇಳಲೇಬೇಕು. ಆ ಕಿರಾಣಿ ಅಂಗಡಿಯ ಯಜಮಾನ ಬೀರಪ್ಪನ ಪರಮ ಭಕ್ತ. ಮನೆಯಲ್ಲಿ ಇಂದಿಗೂ ಕುರಿ ಸಾಕಿದ್ದಾರೆ, ಅಂಗಡಿ ಅವನೊಬ್ಬನ ಸಾಹಸ. ಬೋರ್ಡು ಬರೆದು ಮುಗಿಸಿದ ದಿನ ನಾನು ಅವನಿಗೆ ಸಾರಿ ಸಾರಿ ಹೇಳಿದ್ದೆ, ಎನಾಮಲ್ ಬಣ್ಣ ಇನ್ನೂ ಹಸಿ ಇದೆ, ನಾಳೆಯ ತನಕ ಮುಟ್ಟಬೇಡ. ಕೈ ತೊಳೆದುಕೊಂಡು ಬರುವುದರೊಳಗೆ ಅವನು ಬೀರಪ್ಪನ ಹೆಸರು ಹೇಳಿ ಎರಡು ಬೊಗಸೆ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಬೋರ್ಡಿನ ಮೇಲೆ ಹಾರಿಸಿಬಿಟ್ಟಿದ್ದ. ಕೆಂಪು ಅಕ್ಷರಗಳ ಮೈತುಂಬ ಹಳದಿ ಕಣ. ಯಾಕಪ್ಪಾ ಹೀಗೆ ಮಾಡಿದೆ ಎಂದರೆ, "ನಾ ಎಲ್ಲಿ ಮುಟ್ಟೇನಿ? ದೂರದಿಂದ ಹಾರಿಸೇನಿ," ಎಂದ. ಒರೆಸಲೂ ಬಿಡಲಿಲ್ಲ. ಪ್ರಸಾದ ಒರೆಸುತ್ತಾರೇನು? ತಲೆ ಚಚ್ಚಿಕೊಂಡು ಮೇಲೊಂದು ಕೋಟಿಂಗ್ ವಾರ್ನಿಶ್ ಹೊಡೆದು ಬಂದೆ. ಪುಣ್ಯಕ್ಕೆ ಬೋರ್ಡು ಪಡಸಾಲೆಯ ನೆರಳಿನೊಳಗಿದೆ, ಹಳದಿ ಹಾಗೂ ಹೀಗೂ ಉಳಿದಿದೆ. ಹೊಸತರಲ್ಲಿ ಆ ದಾರಿಯಲ್ಲಿ ಬಾದಾಮಿಗೆ ಹೋಗುವ ಪ್ರವಾಸಿಗಳು ನಿಂತು ಫೋಟೋ ಹೊಡೆದುಕೊಂಡಿದ್ದುಂಟು. ಅಂಥದೊಂದು ಫೋಟೋ ಈ ಮಹಾಶಯನ ಕೈಗೆ ಸಿಕ್ಕಿರಬೇಕು.

ನನ್ನ ಸಿಟ್ಟು ಬೇಗ ಏರುವ ಜಾತಿಯದು. ಮನೆಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕಳ್ಳ, ಹೆಸರು ಕತ್ತರಿಸಿದ ಕಳ್ಳ ಎಂದು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಓಡಾಡಿದೆ. ನನ್ನ ಎಂಟನೆಯ ಫೋಟೋ ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಖಂಡಿತ ಬಂತು. ಅದನ್ನು ಇನ್ನಷ್ಟು ಜೋರಾಗಿ ಕೂಗಿ ಅಡಗಿಸಿದೆ.

ಮಗಳು ತಾಣದವರಿಗೆ ದೂರು ಬರೆದಳು. ನಿಮ್ಮ ಅನುಭವ ನಮಗೆ ಮುಖ್ಯ ಎಂದು ಒಂದು ಯಂತ್ರ ಉತ್ತರ ಕೊಟ್ಟಿತು. ಆ ಮನುಷ್ಯನಿಗೇ ಬರೆದಳು. ಅವನು ನಮ್ಮನ್ನು ಬ್ಲಾಕ್ ಮಾಡಿದ. ಕೊನೆಗೆ ಇಳಕಲ್ಲಿನ ಹೆಂಗಸರ ಗುಂಪಿಗೇ ಬರೆದೆವು, ಆ ಬೋರ್ಡು ನಮ್ಮದು ಎಂದು. ಗುಂಪಿನ ಮುಖ್ಯಸ್ಥೆ ನೇರವಾಗಿ ಫೋನು ಮಾಡಿದರು. ಸಮಾಧಾನದ ಗಟ್ಟಿ ದನಿ.

"ಹಂಗಂತ ಹೇಳಿದವರೊಳಗ ನೀವು ಮೂರನೇದವ್ರು ನೋಡ್ರಿ," ಎಂದರು. "ಇನ್ನೂ ಇಬ್ರು ಆ ಬೋರ್ಡ್ ನಮ್ದ ಅಂದಾರ. ಒಬ್ಬಾಂವ ಆಂಧ್ರದಾಂವ, ಅವಗ ಕನ್ನಡಾನ ಬರಂಗಿಲ್ಲ. ಹಿಂಗಾದ್ರ ನಾ ಯಾರನ್ನ ನಂಬ್ಲಿ?"

"ಫೋನ್ ಮ್ಯಾಲ ಯಾರನ್ನೂ ನಂಬಬ್ಯಾಡ್ರಿ," ಎಂದೆ. "ಕುಳಗೇರಿ ಕ್ರಾಸಿಗೆ ಬರ್ರಿ. ಬೋರ್ಡ್ ಅಲ್ಲೇ ಐತಿ. ಅದು ಎಲ್ಲಿಗೂ ಓಡಿ ಹೋಗಂಗಿಲ್ಲ."

ಅವರು ಸ್ವಲ್ಪ ಯೋಚಿಸಿ, ಮುಂದಿನ ಶುಕ್ರವಾರ ಬಾದಾಮಿಯ ಬನಶಂಕರಿಗೆ ಉಡಿ ತುಂಬಲು ಬರುವುದಿದೆ, ಹಾಗೇ ಅಲ್ಲಿಗೂ ಬರುತ್ತೇನೆ ಎಂದರು. ಅವರಿಗೂ ಆ ಹೊತ್ತಿಗೆ ಅನುಮಾನ ಹತ್ತಿತ್ತು. ಆ ನಗರದವನು ಕಳಿಸಿದ ಮಾದರಿಯಲ್ಲಿ ಒಂದೇ ಅಕ್ಷರ ಎರಡು ಕಡೆ ಬಂದಿತ್ತು, ಎರಡೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ತರ. ಕೈಯಿಂದ ನೇಯ್ದರೆ ಎರಡು ಹೂವು ಹಾಗೆ ಬರುವುದಿಲ್ಲ, ಕೈಯಿಂದ ಬರೆದರೆ ಹೇಗೆ ಬರುತ್ತದೆ ಎಂಬುದು ಅವರ ಪ್ರಶ್ನೆ.

ಶುಕ್ರವಾರ ಕುಳಗೇರಿ ಕ್ರಾಸಿನಲ್ಲಿ ಅವರು ಬಸ್ಸಿಳಿದಾಗ ನನಗಿಂತ ಹತ್ತು ವರ್ಷ ಚಿಕ್ಕ ಹೆಂಗಸೆಂದು ಕಂಡಿತು. ಕೆಂಪು ಸೆರಗಿನ ಇಳಕಲ್ ಸೀರೆ, ಕೈಯಲ್ಲಿ ಉಡಿಯ ಚೀಲ. ನನ್ನನ್ನು ನೋಡಿ, ಫೋನು ತೆಗೆದು ಪ್ರೊಫೈಲಿನ ಫೋಟೋ ನೋಡಿ, ಮತ್ತೆ ನನ್ನ ತಲೆ ನೋಡಿದರು. ನಾನೇ, "ಕೂದಲಾ ಆವಾಗಿಂದ್ರಿ," ಎಂದೆ.

ಕಿರಾಣಿ ಯಜಮಾನನಿಗೆ ವಿಷಯ ಮೊದಲೇ ಹೇಳಿದ್ದೆ. ಅವನು ಅಂಗಡಿಯ ಮುಂದೆ ನೀರು ಚಿಮುಕಿಸಿ, ತನ್ನ ಒಳ್ಳೆಯ ರುಮಾಲು ಸುತ್ತಿಕೊಂಡು ಸಾಕ್ಷಿ ಹೇಳಲು ಸಿದ್ಧನಾಗಿ ಕೂತಿದ್ದ. ಆಕೆ ಅವನ ಸಾಕ್ಷಿಗೆ ಕಾಯಲಿಲ್ಲ. ಬೆಲ್ಲದ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಹತ್ತಿ ನಿಂತು, ಬೆರಳ ತುದಿಯಿಂದ ಅಕ್ಷರಗಳನ್ನು ಸವರಿದರು. ಭಂಡಾರದ ಕಣಗಳು ಮಾಸಿ ಸಾಸಿವೆ ಬಣ್ಣಕ್ಕೆ ತಿರುಗಿದ್ದವು, ಆದರೆ ಕೈಗೆ ಉರುಟುರುಟಾಗಿ ಹತ್ತುತ್ತಿದ್ದವು.

"ಇದು ಏನು?" ಎಂದು ಕೇಳಿದರು.

"ಬೀರಪ್ಪನ ಭಂಡಾರರಿ," ಎಂದ ಯಜಮಾನ. "ನಾನ ಹಾರಿಸೇನಿ. ಈ ಪೇಂಟರ್ ಅವತ್ತು ನನ್ನ ಭಾಳ ಬೈದಾನ."

ಆಕೆ ಪೆಟ್ಟಿಗೆಯ ಮೇಲಿಂದ ಇಳಿಯಲಿಲ್ಲ. ಅಲ್ಲಿಂದಲೇ ಫೋನಿನಲ್ಲಿ ಆ ದೂರದ ನಗರದವನಿಗೆ ಒಂದು ಪ್ರಶ್ನೆ ಕಳಿಸಿದರು. ನಿಮ್ಮ ಮೊದಲ ಫೋಟೋದಲ್ಲಿ ಅಕ್ಷರದ ಮೇಲೆ ಹಳದಿಯಾಗಿರುವುದು ಏನು? ಯಜಮಾನ ನಮಗೆ ಚಹಾ ತರಿಸಿದ. ಚಹಾ ಮುಗಿಯುವುದರೊಳಗೆ ಉತ್ತರ ಬಂತು. ಮೂವರೂ ತಲೆ ಕೂಡಿಸಿ ಓದಿದೆವು. ಇಪ್ಪತ್ನಾಲ್ಕು ಕ್ಯಾರೆಟ್ ಬಂಗಾರದ ರೇಕು. ಈ ತಂತ್ರ ಕೈಗೆ ಬರಲು ತನಗೆ ಹದಿನೈದು ವರ್ಷ ಹಿಡಿಯಿತು.

ಯಜಮಾನ ರುಮಾಲು ಸರಿಮಾಡಿಕೊಂಡ. "ನನಗ ಒಂದು ನಿಮಿಷನೂ ಹಿಡೀಲಿಲ್ಲ," ಎಂದ. "ಅವಗ ಹದಿನೈದು ವರ್ಷ ಹಿಡೀತಂತ? ಬಂಗಾರ ಅಂತ ಗೊತ್ತಿದ್ರ ನಾ ಅರ್ಧ ಚೀಲ ಮನ್ಯಾಗ ಇಟ್ಕೊಂತಿದ್ನಿ."

ಆಕೆ ನಕ್ಕು ನಕ್ಕು ಪೆಟ್ಟಿಗೆಯ ಮೇಲೇ ಕೂತುಬಿಟ್ಟರು. ಕಣ್ಣೀರು ಒರೆಸಿಕೊಳ್ಳುತ್ತ ಅಲ್ಲೇ ಆ ಮನುಷ್ಯನ ಕೆಲಸ ರದ್ದು ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಖರೆ ಮನುಷ್ಯಾರು. ಕೆಲಸ ನಿಮಗ ಕೊಡ್ತೇನಿ," ಎಂದರು.

ನನಗಾದ ಸಂತೋಷ ಎಷ್ಟೆಂದು ಹೇಳಲಿ. ದೀಪಾವಳಿಗೆ ಇನ್ನೂ ಎರಡು ವಾರವಿತ್ತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು, ಅವಳ ತಮ್ಮನ ಫ್ಯಾನು ಬಂತು, ಆ ಫ್ಯಾನಿನ ಕೆಳಗಿನ ಕುರ್ಚಿ ಖಾಲಿಯೇ ಉಳಿದದ್ದು ಕಂಡಿತು. ಅಷ್ಟರಲ್ಲಿ ಆಕೆ ನನ್ನ ಪ್ರೊಫೈಲ್ ತೆರೆದು ನನ್ನ ಮುಂದೆ ಹಿಡಿದರು.

"ಆದ್ರ ನನಗ ಈ ಬಂಗಾರದ ಬೋರ್ಡ್ ಬ್ಯಾಡ್ರಿ. ನಿಮ್ಮ ಫೋಟೋದಾಗ ಇದು ಐತೆಲ್ಲ, ಇದರಂಗ ಬರದು ಕೊಡ್ರಿ. ಇದನ್ನ ನೋಡಿನ ನಾ ಇಷ್ಟು ದೂರ ಬಂದೇನಿ."

ಎಂಟನೆಯ ಫೋಟೋ.

ಆ ಬೋರ್ಡಿನಲ್ಲಿ ಗುರುಗಳು ಒಂದು ಅಕ್ಷರದ ಬಾಲವನ್ನು ಮುಂದಿನ ಅಕ್ಷರದ ತಲೆಕಟ್ಟಿನೊಳಗೆ ತೂರಿಸಿ ಕೂಡಿಸಿದ್ದಾರೆ. ಆಕೆಗೆ ಹಿಡಿಸಿದ್ದು ಅದೇ. ತಮ್ಮ ಸೀರೆಯ ಸೆರಗನ್ನು ಮುಂದೆ ತಂದು, ಮೈ ಮತ್ತು ಸೆರಗು ಕೂಡುವ ಜಾಗವನ್ನು ತಿರುವಿ ಹಿಮ್ಮಗ್ಗುಲು ತೋರಿಸಿದರು. "ನಮ್ಮ ಸೀರಿ ಮೈಯ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಒಂದೊಂದ ಎಳಿಗೆ ಕೊಂಡಿ ಹಾಕಿ ಕೂಡಸ್ತೀವಿ. ಮಿಷಿನ್ ಸೀರಿಗೆ ಈ ಕೊಂಡಿ ಇರಂಗಿಲ್ಲ. ಮಂದಿಗೆ ಅದು ಗೊತ್ತಾಗಂಗಿಲ್ಲ, ಮಿಷಿನ್ದ ಒಯ್ದು ಇಳಕಲ್ ಸೀರಿ ಅಂತ ಉಟ್ಕೊಂತಾರ. ನಿಮ್ಮ ಅಕ್ಷರದಾಗ ನಮ್ಮ ಕೊಂಡಿ ಐತಿ. ಇದ ನಮ್ಮ ಗುರುತ ಆಗ್ಲಿ."

ನಾನು ಹೇಳಬೇಕಾದ ಹೊತ್ತು ಅದೇ. ಹೇಳಲಿಲ್ಲ. ‘ಹೂಂರಿ’ ಎಂದೆ. ಆ ಹೂಂ ಇಂದಿಗೂ ನನ್ನ ಕಿವಿಯಲ್ಲಿದೆ. ಬೋರ್ಡು ಎಲ್ಲಿದೆ ಎಂದು ಕೇಳಿ ತಿಳಿದು ಆಕೆ, ಇಳಕಲ್ಲಿಗೆ ಹೋಗುವ ದಾರಿಯಲ್ಲೇ ಹುನಗುಂದ ಬರುತ್ತದೆ, ಹೋಗುತ್ತ ಇಬ್ಬರೂ ಕೂಡಿ ಆ ಬೋರ್ಡನ್ನೂ ಕಣ್ಣಾರೆ ನೋಡಿಬಿಡೋಣ ಎಂದರು. ಅದಕ್ಕೂ ಹೂಂ.

ಬಾದಾಮಿಯಲ್ಲಿ ಬಸ್ಸು ಬದಲಿಸಿ ಹೊರಟೆವು. ಆಕೆ ದಾರಿಯುದ್ದಕ್ಕೂ ಖುಷಿಯಿಂದ ಮಾತಾಡಿದರು. ಈ ತಾಣದ ವಿಚಾರ ಅವರಿಗೆ ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಗುಂಪಿನ ಹೆಂಗಸರು ಬೇಡವೆಂದರೂ ಇವರೇ ಹಟ ಹಿಡಿದು ಕೆಲಸವನ್ನು ಅದರಲ್ಲಿ ಹಾಕಿದ್ದರಂತೆ. ಮೊದಲನೆಯವನು ಮೋಸಗಾರನೆಂದು ಗೊತ್ತಾದರೆ ಅವರು ಹೇಗೆ ಆಡಿಕೊಳ್ಳುತ್ತಾರೋ ಎಂದು ಹೆದರಿದ್ದೆ, ನೀವು ಸಿಕ್ಕಿರಿ, ನನ್ನ ಮಾನ ಉಳಿಯಿತು ಎಂದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಕರದಂಟು ಕಟ್ಟಿಸಿಕೊಂಡು ಬಂದು ಒಂದು ತುಂಡು ನನ್ನ ಕೈಗಿಟ್ಟರು. ಅದನ್ನು ಬಾಯಿಗಿಡದೆ ಅಂಗಿಯ ಜೇಬಿಗೆ ಹಾಕಿಕೊಂಡೆ. ಕರದಂಟಿಗೆ ನನ್ನಿಂದಾದ ಅವಮಾನ ಅದೊಂದೇ.

ಕಿಟಕಿಯ ಕಡೆ ಮುಖ ಮಾಡಿ ನಾನು ಲೆಕ್ಕ ಹಾಕುತ್ತ ಕೂತಿದ್ದೆ. ಹೆದರಬೇಕಾದ್ದೇನೂ ಇರಲಿಲ್ಲ. ಫೋಟೋ ತೆಗೆಯಲು ಹೋದಾಗಲೇ ನೋಡಿದ್ದೆ, ದರ್ಜಿ ಬೋರ್ಡಿನ ಬಲಮೂಲೆಯ ಮೇಲೆ ಒಂದು ಫ್ಲೆಕ್ಸ್ ತುಂಡು ಕಟ್ಟಿದ್ದ, ಶಾಲೆಯ ಸಮವಸ್ತ್ರ ಹೊಲಿದು ಕೊಡಲಾಗುವುದು ಎಂದು. ಗುರುಗಳ ಹೆಸರು ಅದರ ಹಿಂದೆ ಇತ್ತು. ಅಂದು ಅದನ್ನು ಸರಿಸದೆ, ಆ ಮೂಲೆಯನ್ನೇ ಬಿಟ್ಟು ಫೋಟೋ ಹೊಡೆದುಕೊಂಡು ಬಂದಿದ್ದೆ. ಆಕೆಗೆ ಗೊತ್ತಾಗುವ ದಾರಿಯೇ ಇಲ್ಲ. ಗುರುಗಳ ಕಣ್ಣು ಮಂಜಾಗಿ ಎಷ್ಟೋ ವರ್ಷವಾಯಿತು, ಅವರು ಮನೆಯಿಂದ ಹೊರಗೆ ಬರುವುದೇ ಕಡಿಮೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕುಂಚ ಕೈಯಲ್ಲಿ ಉಳಿಯುತ್ತದೆ. ಗುರುಗಳ ಕೈ ನನಗೆ ಬರುತ್ತದೆ, ಹಾಗೆಯೇ ಬರೆದೂ ಕೊಡಬಲ್ಲೆ.

ಆದರೆ ಇಷ್ಟು ದಿನ ಆ ನಗರದವನನ್ನು ಕಳ್ಳ ಕಳ್ಳ ಎಂದು ಬೈದ ಬಾಯಿ ಇದೇ. ಅವನು ಮೂಲೆ ಕತ್ತರಿಸಿದ್ದ, ನಾನೂ ಮೂಲೆ ಬಿಟ್ಟಿದ್ದೆ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ನಾನು ಮಾತ್ರ ಯಾರ ಹೆಸರು ಬಿಟ್ಟೆನೋ ಅವರ ಮನೆಯಲ್ಲಿ ಎಂಟು ವರ್ಷ ಉಂಡಿದ್ದೇನೆ. ನನಗೆ ನಾಚಿಕೆಯಾಯಿತು.

ಹುನಗುಂದದಲ್ಲಿ ದರ್ಜಿಯ ಅಂಗಡಿಯ ಮುಂದೆ ಆಕೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತು ಬಹಳ ಹೊತ್ತು ನೋಡಿದರು. ತಗಡು ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಅಕ್ಷರಗಳು ಮಾತ್ರ ಒಂದರ ಕೈಯೊಂದು ಹಿಡಿದುಕೊಂಡು ಹಾಗೇ ನಿಂತಿದ್ದವು. "ಎಷ್ಟು ಛಂದ ಬರದೀರಿ," ಎಂದರು ಆಕೆ.

ನಾನು ದರ್ಜಿಯ ಸ್ಟೂಲು ತೆಗೆದುಕೊಂಡು ಹತ್ತಿದೆ. ಫ್ಲೆಕ್ಸಿನ ದಾರ ಬಿಚ್ಚಿ ಬಲಮೂಲೆಯನ್ನು ತೆರೆದೆ. ಹಿಂದೆ ಧೂಳು ತುಂಬಿತ್ತು, ಅಂಗೈಯಿಂದ ಒರೆಸಿದೆ. ಗುರುಗಳ ಹೆಸರು, ಅದರ ಕೆಳಗೆ ಸಣ್ಣದಾಗಿ ಊರು.

"ಇದು ನಾ ಬರದದ್ದಲ್ರಿ," ಎಂದೆ. "ಇವರು ನನ್ನ ಗುರುಗಳು. ಫೋಟೋ ಎಂಟು ಬೇಕಂದ್ರು, ನನ್ನ ಕಡೆ ಏಳ ಇದ್ದು. ಅದಕ ಇವರ ಹೆಸರು ಬಿಟ್ಟು ಫೋಟೋ ಹೊಡಕೊಂಡೆ. ಕುಳಗೇರಿ ಕ್ರಾಸಿನ್ಯಾಗ ಹೇಳಬೇಕಾಗಿತ್ತು. ಹೇಳಾಕ ಧೈರ್ಯ ಆಗ್ಲಿಲ್ಲ."

ಸ್ಟೂಲಿನಿಂದ ಇಳಿಯಲೋ ಬೇಡವೋ ತಿಳಿಯದೆ ನಿಂತೇ ಇದ್ದೆ. ಆಕೆ ಹೆಸರನ್ನು ಓದಿದರು. ನನ್ನನ್ನು ನೋಡಿದರು. ಮುಖದಲ್ಲಿ ನಗು ಇರಲಿಲ್ಲ. ದರ್ಜಿ ಹೊಲಿಗೆ ಯಂತ್ರದ ಮೇಲಿನ ಕಾಲು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದ. ಕೆಲಸ ಹೋಯಿತು ಎಂದು ನನಗೆ ಖಾತ್ರಿಯಾಯಿತು. ಆಶ್ಚರ್ಯವೆಂದರೆ, ಬೆಳಿಗ್ಗೆಯಿಂದ ಇದ್ದ ಭಯವೂ ಅದರ ಜೊತೆಗೇ ಹೋಯಿತು.

"ನಾ ಈ ಕೆಲಸಕ್ಕ ನಿಮ್ಮನ್ನ ಬಿಟ್ಟು ಐದು ಮಂದಿ ಕೂಡ ಮಾತಾಡೇನ್ರಿ," ಎಂದರು ಆಕೆ ಕೊನೆಗೆ, ನಿಧಾನವಾಗಿ. "ಐದೂ ಮಂದಿಗೆ, ಇವೆಲ್ಲ ನೀವ ಮಾಡಿದ್ದೇನ್ರಿ ಅಂತ ಕೇಳೇನಿ. ಎಲ್ಲಾರೂ ಎಲ್ಲಾ ನಮ್ಮವ ಅಂದ್ರು. ಒಂದು ನಂದಲ್ಲ ಅಂದಾವರು ನೀವೊಬ್ಬರ. ಅದಕ ಉಳಿದ ಏಳು ನಿಮ್ಮವು ಅಂತ ಈಗ ನಂಬೇನಿ."

ಸ್ಟೂಲಿನಿಂದ ಇಳಿಯಲು ಕೈಸನ್ನೆ ಮಾಡಿ, "ಮುಂಜಾನೆ ಹೇಳಿದ್ರ ಇನ್ನೂ ಛಲೋ ಇತ್ತು. ಕರದಂಟರ ತಿಂತಿದ್ರಿ," ಎಂದರು. ಗುರುಗಳ ಮನೆ ಎಲ್ಲಿದೆ ಎಂದು ಕೇಳಿದರು.

ಮನೆ ಹಿಂದಿನ ಓಣಿಯಲ್ಲೇ ಇತ್ತು. ಗುರುಗಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ದಪ್ಪ ಕನ್ನಡಕ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಸಣ್ಣಗೆ ನಡುಗುವ ಬಲಗೈ. ನನ್ನ ದನಿ ಕೇಳಿಯೇ ಗುರುತು ಹಿಡಿದು, "ಲೇ, ಬದುಕೀಯೇನು? ನಾ ಸತ್ತೇನೋ ಇಲ್ಲೋ ನೋಡಾಕ ಬಂದೀಯೇನು?" ಎಂದರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಲ್ಲೇ ಕೂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮೂಲೆ ಬಿಟ್ಟು ಫೋಟೋ ಹೊಡೆದದ್ದನ್ನೂ, ಕುಳಗೇರಿ ಕ್ರಾಸಿನ ಹೂಂ ಅನ್ನೂ.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಕೇಳಿದ್ದು ಬೇರೆಯೇ.

"ನನ್ನ ಅಕ್ಷರ ಬೇಕಂತ ಯಾರರ ಬಂದಾರೇನು? ಖರೇನ?"

"ನಾನ ಬಂದೇನ್ರಿ ಅಜ್ಜಾ, ಇಳಕಲ್ಲಿಂದ," ಎಂದರು ಆಕೆ. "ಅಕ್ಷರಕ್ಕ ಅಕ್ಷರ ಕೊಂಡಿ ಹಾಕೀರಲ್ಲ, ಅದನ್ನ ನೋಡಿ ಬಂದೇನಿ."

"ಕೊಂಡಿನೂ ಇಲ್ಲ ಗಿಂಡಿನೂ ಇಲ್ಲವಾ," ಎಂದರು ಗುರುಗಳು. "ದರ್ಜಿ ತಂದ ತಗಡ ಸಣ್ಣದಿತ್ತು. ಹೆಸರು ಉದ್ದ. ಜಾಗ ಸಾಲಲಿಲ್ಲ. ಅದಕ ಒಂದರೊಳಗ ಒಂದು ತುರುಕಿದ್ನಿ."

ಆಕೆ ಮತ್ತೆ ನಕ್ಕರು, ಈ ಸಲ ಗುರುಗಳೂ ನಕ್ಕರು. ಆದರೆ ಒಳಗೊಳಗೆ ಅವರು ಎಷ್ಟು ಹಿಗ್ಗಿದ್ದರೆಂಬುದು ನನಗೆ ಕಾಣುತ್ತಿತ್ತು. ಯಾವ ಅಕ್ಷರ ಛಂದ ಅನ್ನಿಸಿತು ಎಂದು ಆಕೆಯನ್ನು ಎರಡು ಸಲ ಕೇಳಿದರು. ಆ ಫೋಟೋವನ್ನು ಪ್ರೊಫೈಲಿನಿಂದ ಈಗಲೇ ತೆಗೆಸಿಬಿಡುತ್ತೇನೆ ಎಂದು ನಾನು ಫೋನು ತೆಗೆದರೆ, "ತಗೀಬ್ಯಾಡ. ಮಂದಿ ನೋಡ್ಲಿ. ಕೆಳಗ ನನ್ನ ಹೆಸರು ಬರಿ," ಎಂದರು. ಮಗಳಿಗೆ ಹೇಳಿದೆ. ಹತ್ತು ನಿಮಿಷದಲ್ಲಿ ಅವಳು ಬರೆದು ಕಳಿಸಿದ್ದನ್ನು ಗುರುಗಳಿಗೆ ಓದಿ ಹೇಳಿದೆ. ‘ಈ ಬರಹ ನನ್ನದಲ್ಲ, ನನ್ನ ಗುರುಗಳದು’ ಎಂದು ಮೊದಲುಮಾಡಿ ಅವರ ಪೂರ್ತಿ ಹೆಸರು, ಊರು. ಇನ್ನೊಮ್ಮೆ ಓದು ಎಂದರು. ಓದಿದೆ. ಮಗಳು ನನ್ನನ್ನು ಕೇಳದೆ ಕೋಟಿನ ಫೋಟೋವನ್ನೂ ಅಂದೇ ತೆಗೆದುಹಾಕಿದ್ದಳು. ಆ ನಗರದವನ ಬಂಗಾರ ಮಾತ್ರ ಈಗಲೂ ಹಾಗೆಯೇ ಹೊಳೆಯುತ್ತಿದೆಯಂತೆ, ಐದು ನಕ್ಷತ್ರ ಸಮೇತ.

"ಹಂಗಾದ್ರ ಅಜ್ಜಾ, ನಮ್ಮ ಬೋರ್ಡ್ ನೀವ ಬರದು ಕೊಡ್ತೀರೇನು?" ಎಂದು ಆಕೆ ಕೇಳಿದರು. ಗುರುಗಳು ನಡುಗುವ ಬಲಗೈಯನ್ನು ಎತ್ತಿ ತೋರಿಸಿದರು.

"ಇದು ಇನ್ನ ಬರಂಗಿಲ್ಲವಾ. ಇಂವ ಬರೀಲಿ. ನಾ ಬಾಜೂಕ ಕುಂತು ಬೈತೇನಿ. ಆದ್ರ ಒಂದು ಮಾತು. ಇಂವ ನನ್ನಂಗ ಬರಿಯೂದು ಬ್ಯಾಡ. ತನ್ನಂಗ ಬರೀಲಿ. ನೋಡಿ, ಬ್ಯಾಡ ಅನಸಿದ್ರ ಬ್ಯಾಡ ಅನ್ನು."

ಆಕೆ ಒಪ್ಪಿದರು. ಗುರುಗಳ ಸೊಸೆ ಒಳಗಿನಿಂದ ಸೀಮೆಸುಣ್ಣದ ತುಂಡು ತಂದುಕೊಟ್ಟಳು. ಪಡಸಾಲೆಯ ಕಲ್ಲಿನ ನೆಲದ ಮೇಲೆ ನಾನು ಗುಂಪಿನ ಹೆಸರಿನ ಮೊದಲ ಅಕ್ಷರ ಬರೆದೆ. ಎಷ್ಟೋ ಬೋರ್ಡಿನ ಮೇಲೆ ಬರೆದ ಅಕ್ಷರ, ಆದರೂ ಮೊದಲ ಸಲ ಬರೆಯುವವನಂತೆ ಬರೆದೆ. ಗುರುಗಳು ಗೋಡೆ ಬಿಟ್ಟು ಮುಂದಕ್ಕೆ ಬಾಗಿ, ಮೂಗು ನೆಲಕ್ಕೆ ತಾಗುವಷ್ಟು ಹತ್ತಿರ ಬಂದು ನೋಡಿದರು.

"ಹೊಟ್ಟಿ ಯಾಕ ಇಷ್ಟ ಉಬ್ಬಿಸೀಲೇ? ಅಳಸು."

ಅಂಗೈಯಿಂದ ಅಳಿಸಿ ಮತ್ತೆ ಬರೆದೆ.

"ಇದು ನಂದು. ನಾ ನಿಂದ ಕೇಳೇನಿ. ಅಳಸು."

ಮತ್ತೆ ಅಳಿಸಿದೆ. ಕಣ್ಣು ಒಂದ್ಸಲ ಮುಚ್ಚಿ ತೆರೆದೆ. ಏನನ್ನೂ ಯೋಚಿಸದೆ, ಕೈ ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋದೆ. ಕೊನೆಯ ಎಳೆಯನ್ನು ಮುಂದಿನ ಅಕ್ಷರಕ್ಕೆ ಹಿಡಿಯಲು ಸಿಗುವಂತೆ ಸ್ವಲ್ಪ ಹೊರಗೆ ಚಾಚಿ ಬಿಟ್ಟೆ. ಗುರುಗಳು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಕೆಯೂ ಬಾಗಿ ನೋಡಿದರು. ಎಂಟು ವರ್ಷ ಕಲಿಸಿದ ಆ ಮನುಷ್ಯ ಒಂದು ದಿನವೂ ನನಗೆ ಛಲೋ ಬರೆದೆ ಎಂದವರಲ್ಲ. ಸರಿ ಕಂಡರೆ ಒಂದೇ ಮಾತು ಹೇಳುತ್ತಿದ್ದರು. ಅದನ್ನು ಕೇಳಿ ಇಪ್ಪತ್ತು ವರ್ಷದ ಮೇಲಾಗಿತ್ತು.

"ಹೂಂ," ಎಂದರು. "ಮುಂದಿಂದು ಬರಿ."